ನೀಡ್‌ಫುಲ್ ಅಂದ್ರ ಏನ್ರಿ ಸರ್?

ಪಂಪಾವತಿಗೆ 'ಕೈಂಡ್ಲಿ ಡು ದ ನೀಡ್‌ಫುಲ್' ಎಂದು ಬರೆಯಲು ಕಲಿಸಿದವನು ನಾನೇ. ಆ ಪಾಪ ನನ್ನದು.

ಹೊಸಪೇಟೆಯಲ್ಲಿ ಅದಿರು ಲಾರಿಗಳನ್ನು ಓಡಿಸುವ ಕಂಪನಿಯೊಂದರ ಆಫೀಸಿನಲ್ಲಿ ನಾನು, ಜಂಬುನಾಥ, ಇಪ್ಪತ್ತಾರು ವರ್ಷದಿಂದ ಪತ್ರ ಬರೆಯುವ ಗುಮಾಸ್ತ. ಬುಕ್ಕಸಾಗರದಿಂದ ದಿನಾ ಬಸ್ಸಿಗೆ ಬರುವ ಪಂಪಾವತಿ ನನ್ನ ಪಕ್ಕದ ಕುರ್ಚಿಗೆ ಬಂದು ಏಳು ವರ್ಷವಾಗಿತ್ತು. ಅವ್ವ ವಿರುಪಮ್ಮ ಭತ್ತದ ನಾಟಿಗೆ ಹೋಗಿ ಓದಿಸಿದ ಮಗಳು. ಮೊದಲ ವಾರ ಸಂಡೂರಿನ ಗಣಿ ಕಚೇರಿಗೆ ಪತ್ರ ಬರೆಯಲು ಕೊಟ್ಟಾಗ, "ಏನು ಬೇಕು ಅಂತ ಬರೀಲಿ ಸರ್?" ಎಂದಳು.

"ಏನೂ ಬರೀಬ್ಯಾಡ. ನೀಡ್‌ಫುಲ್ ಮಾಡ್ರಿ ಅಂತ ಹಾಕು, ಅಂದ್ರ ಬೇಕಾದ್ದು ಮಾಡ್ರಿ ಅಂತ. ತಪ್ಪಾದ್ರ ಅವರ ತಲಿಗೆ," ಎಂದು ಜಂಬ ಕೊಚ್ಚಿಕೊಂಡೆ.

ಹೋದ ವರ್ಷ ಕಮಲಾಪುರದ ಹೋಟೆಲೊಂದರಲ್ಲಿ ಅವಳಿಗೆ ರಿಸೆಪ್ಷನ್ ಕೆಲಸ ಸಿಕ್ಕಿತು. ಹಂಪಿ ನೋಡಲು ಬರುವವರೊಡನೆ ಮಾತಾಡುವ ಕೆಲಸ. ಕೆಂಪು ಧೂಳಿಲ್ಲ, ಮ್ಯಾನೇಜರ್ ಕೊಟ್ರಯ್ಯನ ಗುರುಗುಟ್ಟುವಿಕೆ ಇಲ್ಲ. ಹಳೆಯ ಕಂಪನಿಯಿಂದ ಬಿಡುಗಡೆ ಪತ್ರ ತರಬೇಕು, ಅಷ್ಟೇ. ಪಾಪ, ಅವಳು ನನ್ನ ಇಂಗ್ಲಿಷಿನಲ್ಲೇ ಬರೆದುಕೊಟ್ಟಳು: 'ಐ ಆಮ್ ಥಿಂಕಿಂಗ್ ಟು ರಿಸೈನ್. ಕೈಂಡ್ಲಿ ಡು ದ ನೀಡ್‌ಫುಲ್.'

ಎರಡು ತಿಂಗಳಾದರೂ ಬಿಡುಗಡೆ ಪತ್ರವಿಲ್ಲ. ಕೇಳಲು ಹೋದರೆ ಕೊಟ್ರಯ್ಯ ಡ್ರಾಯರ್ ಎಳೆದು ಅವಳ ಪತ್ರ ತೋರಿಸಿದ. "ನೀಡ್‌ಫುಲ್ ಮಾಡೀನಲ್ಲ? ಭದ್ರ ಇಟ್ಟೀನಿ. ಥಿಂಕಿಂಗ್ ಅಂತ ನೀನ ಬರ್ದೀದಿ, ಇನ್ನಷ್ಟು ಥಿಂಕ್ ಮಾಡು."

ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ. ಹೋಟೆಲಿನವರು ಬೇರೆ ಯಾರನ್ನೋ ತೆಗೆದುಕೊಂಡರು.

ಧೂಳು ಬರುತ್ತದೆಂದು ನಮ್ಮ ಆಫೀಸಿನ ಕಿಟಕಿಗಳನ್ನು ತೆಗೆಯುವುದೇ ಇಲ್ಲ. ಆ ಮುಚ್ಚಿದ ಕಿಟಕಿಯ ಪಕ್ಕ ಕೂತು, ಊಟದ ಹೊತ್ತಿನಲ್ಲಿ ಅವಳು ಒಂದು ನೋಟುಬುಕ್ಕು ತುಂಬಿಸತೊಡಗಿದಳು. ಎಡಕ್ಕೆ ನಮ್ಮ ಇಂಗ್ಲಿಷು, ಬಲಕ್ಕೆ ಸರಿಯಾದದ್ದು. 'ವಾಟ್ ಈಸ್ ಯುವರ್ ಗುಡ್ ನೇಮ್' ಎದುರಿಗೆ 'ಮೇ ಐ ಹ್ಯಾವ್ ಯುವರ್ ನೇಮ್'. 'ಯಸ್ಟರ್ಡೇ ನೈಟ್' ಎದುರಿಗೆ 'ಲಾಸ್ಟ್ ನೈಟ್'. 'ರಿವರ್ಟ್ ಬ್ಯಾಕ್' ಎದುರಿಗೆ ಬರೀ 'ರಿಪ್ಲೈ'. ನೀಡ್‌ಫುಲ್ ಎದುರಿಗೆ ಮಾತ್ರ ಕನ್ನಡದಲ್ಲಿ ಬರೆದಿದ್ದಳು: ಏನು ಬೇಕೋ ಅದನ್ನೇ ಹೇಳು. ಓದಿ ನನ್ನ ಮುಖ ಸಣ್ಣದಾಯಿತು.

ಈ ಮೇ ತಿಂಗಳಲ್ಲಿ ಅದೇ ಹೋಟೆಲಿನಿಂದ ಮತ್ತೆ ಫೋನು ಬಂತು. ಮರುದಿನವೇ ಅವಳು ಕೊಟ್ರಯ್ಯನ ಮುಂದೆ ಮೂರು ಸಾಲು ಇಟ್ಟಳು: 'ಐ ರಿಸೈನ್. ಮೈ ಲಾಸ್ಟ್ ಡೇ ಈಸ್ ಜೂನ್ ಥರ್ಟಿ. ಪ್ಲೀಸ್ ಗಿವ್ ಮಿ ಮೈ ರಿಲೀವಿಂಗ್ ಲೆಟರ್ ದಟ್ ಡೇ.'

"ಏನಿದು ಸೊಕ್ಕಿನ ಇಂಗ್ಲಿಷು? ಐ ಹಂಬ್ಲಿ ಬೆಗ್ ಅಂತ ಹಾಕು."

"ಬೆಗ್ ಅಂದ್ರ ಬೇಡೋದು ಸರ್. ನಾ ಬೇಡಾಕ ಬಂದಿಲ್ಲ, ಹೇಳಾಕ ಬಂದೀನಿ."

ಅವನು ಪತ್ರದ ಮೂಲೆಯಲ್ಲಿ 'ನೀಡ್‌ಫುಲ್ ವಿಲ್ ಬಿ ಡನ್' ಎಂದು ಗೀಚಿ ಡ್ರಾಯರ್ ಎಳೆದ. ಅವಳು ಪತ್ರದ ಮೇಲೆ ಕೈ ಇಟ್ಟಳು. "ನೀಡ್‌ಫುಲ್ ಅಂದ್ರ ಏನ್ರಿ ಸರ್? ಅದನ್ನ ಬರೀರಿ."

ಈ ಸಲ ಯಾರೂ ನಗಲಿಲ್ಲ. ಕೊಟ್ರಯ್ಯ ನನ್ನ ಕಡೆ ತಿರುಗಿದ. "ಜಂಬುನಾಥಾ, ಈಕಿಗೆ ಬುದ್ಧಿ ಹೇಳೋ."

"ಜೂನ್ ಮೂವತ್ತು ಅಂತ ಬರೀರಿ ಸರ್," ಎಂದೆ.

ಬರೆದ. ಜುಲೈನಿಂದ ಪಕ್ಕದ ಕುರ್ಚಿ ಖಾಲಿ ಇದೆ.

ನಾನೂ ಆಗಾಗ ಒಂದು ಬಿಳಿ ಹಾಳೆ ಎಳೆದುಕೊಳ್ಳುತ್ತೇನೆ. 'ರೆಸ್ಪೆಕ್ಟೆಡ್ ಸರ್' ಸರಾಗವಾಗಿ ಬರುತ್ತದೆ, ಏನು ಬೇಕು ಎಂದು ಹೇಳುವ ಸಾಲಿನಲ್ಲಿ ಪೆನ್ನು ನಿಲ್ಲುತ್ತದೆ. ಇಪ್ಪತ್ತಾರು ವರ್ಷದಲ್ಲಿ ಆ ಸಾಲನ್ನು ನಾನು ಬರೆದೇ ಇಲ್ಲ. ಬಹಳ ಹೊತ್ತಾದ ಮೇಲೆ ಕೈ ತಾನಾಗಿ ಬರೆದುಬಿಡುತ್ತದೆ: ಕೈಂಡ್ಲಿ ಡು ದ ನೀಡ್‌ಫುಲ್.