ಬೂಟಮ್ಮನ ಐದು ನಿಮಿಷ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ದಾರಿಗೆ ಅಡ್ಡವಿರುವ ಕಬ್ಬಿಣದ ಗೇಟಿನ ಬಳಿ ಹೆಂಗಸೊಬ್ಬರು ಬಕೆಟ್ ನೀರಿಗೆ ಔಷಧಿ ಅಳೆದು ಹಾಕುತ್ತಿದ್ದಾರೆ. ಒಂದು ಮುಚ್ಚಳ, ಎರಡು ಮುಚ್ಚಳ. ಅನುಮಾನ ಬಂದು ಎಲ್ಲವನ್ನೂ ಗುಂಡಿಗೆ ಸುರಿದು ಮತ್ತೆ ಮೊದಲಿನಿಂದ ಅಳೆಯುತ್ತಾರೆ. ಕಣ್ಣು ಆಗಾಗ ಕಿಟಕಿಯಲ್ಲಿಟ್ಟ ಫೋನಿನತ್ತ ಹೋಗುತ್ತದೆ.

ಎಲ್ಲರೂ ಇವರನ್ನು ಬೂಟಮ್ಮ ಎನ್ನುತ್ತಾರೆ. ಬೆಟ್ಟ ಹತ್ತುವವರ ಬೂಟು, ಚಪ್ಪಲಿಯ ಕೆಸರು ಉಜ್ಜಿ, ಅವರನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಐದು ನಿಮಿಷ ನಿಲ್ಲಿಸಿ ಒಳಗೆ ಬಿಡುವುದು ಕೆಲಸ. ದಿನಕ್ಕೆ ಅರವತ್ತು ಜೊತೆ, ರಜೆ ಬಂದರೆ ಇನ್ನೂರು. ಬಲಗೈ ಬೆರಳ ತುದಿಗಳ ಚರ್ಮ ಸುಲಿದಿದೆ. "ಗ್ಲೌಸ್ ಕೊಟ್ಟಿದಾರೆ. ಹಾಕ್ಕೊಂಡ್ರೆ ಸಂದೀಲಿರೋ ಮಣ್ಣು ಕೈಗೆ ಗೊತ್ತಾಗಲ್ಲ."

ಮೇಲೆ ಏಳು ಕೊಳಗಳಿವೆ. ಆರರಲ್ಲಿ ಈಗ ಕಪ್ಪೆಗಳ ಸದ್ದಿಲ್ಲ. ಯಾರೋ ಸಾಕಲೆಂದು ಹೊರಗಿನಿಂದ ತಂದ ದೊಡ್ಡ ಜಾತಿಯ ಕಪ್ಪೆಗಳು ತಪ್ಪಿಸಿಕೊಂಡು ಕೆಳಗಿನ ಕೊಳ ಸೇರಿದವು. ಅವುಗಳ ಮೈಯಲ್ಲಿದ್ದ ಶಿಲೀಂಧ್ರ ಅವಕ್ಕೇನೂ ಮಾಡಲಿಲ್ಲ, ಇಲ್ಲಿನ ಪುಟ್ಟ ಕಪ್ಪೆಗಳ ಚರ್ಮವನ್ನು ಕೆಡಿಸಿತು. ಚರ್ಮದಿಂದಲೇ ನೀರು ಕುಡಿದು ಉಸಿರಾಡುವ ಜೀವಕ್ಕೆ ಅಷ್ಟು ಸಾಕು. ಬೂಟಿಗಂಟಿದ ಕೆಸರಿನಲ್ಲಿ ರೋಗ ಕೊಳದಿಂದ ಕೊಳಕ್ಕೆ ಹತ್ತಿತು.

ಆರನೆಯ ಕೊಳಕ್ಕೆ ಮಾತ್ರ ರೋಗ ಒಯ್ದವಳು ತಾನೇ ಎಂದು ಬೂಟಮ್ಮ ನಂಬಿದ್ದಾರೆ. ಆಗ ಅವರು ದಾರಿ ಗುಡಿಸುತ್ತಿದ್ದರು. "ಐದನೇ ಕೊಳದ ಹತ್ರ ದಾರಿ ಮೇಲೆ ಒಂದು ಕಪ್ಪೆ ಒದ್ದಾಡ್ತಿತ್ತು. ಪಾಪ ಅಂತ ಬೊಗಸೇಲಿ ಎತ್ಕೊಂಡು ಹೋಗಿ ಮೇಲಿನ ಕೊಳದ ನೀರಿಗೆ ಬಿಟ್ಟೆ. ಪುಣ್ಯದ ಕೆಲಸ ಅಂತ ಮನೇಲಿ ಹೇಳ್ಕೊಂಡೆ ಬೇರೆ! ತಿಂಗಳಾದ್ಮೇಲೆ ನೋಡಿದ್ರೆ ಎಲ್ಲಾ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಉಳಿದಿರುವುದು ಏಳನೆಯದೊಂದೇ. ಹೋದ ವಾರ ಅಲ್ಲೂ ಒಂದು ಕಪ್ಪೆ ಸತ್ತು ಬಿದ್ದಿತ್ತು. ಅದನ್ನು ಪರೀಕ್ಷೆಗೆ ಕಳಿಸಿದ ಪ್ರಯೋಗಾಲಯದಿಂದ ಈ ಬೆಳಿಗ್ಗೆ ಉತ್ತರ ಬರಬೇಕು.

ಮೂವರು ಹುಡುಗರು ಬರುತ್ತಾರೆ. "ಅಮ್ಮಾ, ನಾವು ಕಪ್ಪೆ ನೋಡೋಕೆ ಬಂದಿಲ್ಲ."

"ಕಪ್ಪೆಗೂ ನಿಮ್ಮನ್ನ ನೋಡ್ಬೇಕು ಅಂತೇನಿಲ್ಲಪ್ಪ. ಕಾಲೆತ್ತಿ."

ಪಕ್ಕದ ಕಿಟಕಿಯಲ್ಲಿ ಟಿಕೆಟ್ ಹರಿಯುವ ನಾದಿನಿಗೆ ನಗು. "ನಮ್ಮಣ್ಣನ್ನೂ ದಿನಾ ಹೊಸ್ತಿಲಲ್ಲೇ ನಿಲ್ಲಿಸಿ ಕಾಲು ನೋಡ್ತಾರೆ ಅತ್ತಿಗೆ."

"ನಿಮ್ಮಣ್ಣನ ಕಾಲಿಗೆ ಐದು ನಿಮಿಷ ಎಲ್ಲಿ ಸಾಲತ್ತೆ!" ಎನ್ನುವ ಬೂಟಮ್ಮ ತಾವು ನಗುವುದಿಲ್ಲ. ಗಡಿಯಾರ ನೋಡುತ್ತಾರೆ. ಉಜ್ಜಿದ ಬೂಟನ್ನೇ ಮತ್ತೆ ಉಜ್ಜುತ್ತಾರೆ.

ಫೋನ್ ಹೊಡೆದುಕೊಳ್ಳುತ್ತದೆ. ಕೈ ಒದ್ದೆ. ನಾದಿನಿ ಓಡಿ ಬಂದು ಫೋನನ್ನು ಅವರ ಕಿವಿಗೆ ಹಿಡಿಯುತ್ತಾರೆ.

"ಹೇಳಿ ಮೇಡಂ... ಹಕ್ಕಿ ಕುಕ್ಕಿದ್ದಾ? ಖಂಡಿತಾನಾ? ಇನ್ನೊಂದು ಸಲ ನೋಡಿದ್ರಾ?"

ರೋಗವಲ್ಲ. ಹುಡುಗರು ತೊಟ್ಟಿಯಲ್ಲಿ ನಿಂತೇ ಚಪ್ಪಾಳೆ ತಟ್ಟುತ್ತಾರೆ. ಬೂಟಮ್ಮ ಕುಳಿತುಕೊಳ್ಳುವುದೂ ಇಲ್ಲ. "ಇನ್ನೂ ಎರಡು ನಿಮಿಷ ಇದೆ, ಅಲ್ಲಾಡ್ಬೇಡಿ" ಎನ್ನುತ್ತಾರೆ. ಆಮೇಲೆ ಮೆಲ್ಲಗೆ, "ಇವತ್ತಿಗೆ ಇಲ್ಲ ಅಂದ್ರು. ನಾಳೇದು ನಾಳೆ ಬರೋರ ಕಾಲಲ್ಲಿದೆ."

ಏಳನೇ ಕೊಳವನ್ನು ಅವರು ನೋಡಿ ನಾಲ್ಕು ವರ್ಷವಾಯಿತು. ಒಮ್ಮೆ ಹೋಗಿ ಬರುವ ಆಸೆಯಿಲ್ಲವೇ ಎಂದರೆ ಕೈಯ ಬ್ರಷ್ ನಿಲ್ಲುತ್ತದೆ.

"ಇಲ್ದೆ ಏನು! ಅವೆಲ್ಲಾ ಒಟ್ಟಿಗೆ ಕೂಗೋದನ್ನ ಕೇಳ್ಬೇಕು ಅನ್ಸತ್ತೆ. ಆದ್ರೆ ನಾನೊಬ್ಳು ಹೋಗ್ದೇ ಇದ್ರೆ, ಎರಡು ಕಾಲು ಕಡಿಮೆ ಆಯ್ತಲ್ಲ."