ಅಮ್ಮ ಬಿಟ್ಟುಕೊಟ್ಟ ಸೈಟು

ನಮ್ಮಮ್ಮನಿಗೆ ಸ್ವಂತ ಮನೆಯ ಹುಚ್ಚು ಹಿಡಿಸಿದ್ದು ನಮ್ಮ ಓನರಮ್ಮ. ಮುಳಬಾಗಿಲಿನಲ್ಲಿ ಆಕೆಯ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಆಕೆ ಕೆಟ್ಟವಳೇನಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದಳು. ಆದರೆ ಅಕ್ಕ ಚೊಚ್ಚಲ ಬಸುರಿ ಅಂತ ಗೊತ್ತಾದ ದಿನವೇ ಬಂದು, "ನೋಡಮ್ಮ, ಹೆರಿಗೆ ಬಾಣಂತನ ಎಲ್ಲಾ ನಮ್ಮನೇಲಿ ಬೇಡ. ನಮಗೆ ಆಗ್ಬರಲ್ಲ" ಎಂದು ಹೇಳಿಹೋದಳು. ಮಗಳಿಗೆ ಬಾಣಂತನ ಮಾಡಲು ಜಾಗವಿಲ್ಲದ್ದು ಎಂಥ ತವರು ಎಂದು ಅಮ್ಮ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಈ ಸಲಕ್ಕಾಗದಿದ್ದರೂ ಮುಂದಿನ ಬಾಣಂತನಕ್ಕಾದರೂ ತನ್ನದೊಂದು ಮನೆ ಇರಲೇಬೇಕು ಎಂದು ಕೂತಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ನಾನು ನಂಗಲಿಯಲ್ಲಿ ಸಹಾಯಕ ನರ್ಸು. ಊರೂರು ಸುತ್ತಿ ಸೂಜಿ ಹಾಕುವುದು, ಹೆರಿಗೆ ಮಾಡಿಸುವುದು ನನ್ನ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿಬ್ಬರೂ ಸೇರಿ ಕಟ್ಟುತ್ತಿದ್ದ ಚೀಟಿ ಆ ವರ್ಷ ಕೈಗೆ ಬಂದಿತ್ತು. ಊರಾಚೆ ಮಾವಿನ ತೋಪಿನ ಪಕ್ಕ ಅಮ್ಮ ಒಂದು ಸೈಟು ಮಾತಾಡಿಟ್ಟಿದ್ದಳು. ಅದೇ ಹೊತ್ತಿಗೆ ನನಗೆ ಬೆಂಗಳೂರಿನಲ್ಲಿ ಜನರಲ್ ನರ್ಸಿಂಗ್ ಓದಲು ಅವಕಾಶ ಸಿಕ್ಕಿತು. ಮೂರು ವರ್ಷಕ್ಕೂ ಮಿಕ್ಕಿದ ಓದು, ಅಷ್ಟು ದಿನವೂ ಸಂಬಳವಿಲ್ಲ. ಎರಡೂ ಆಗುವ ಮಾತಾಗಿರಲಿಲ್ಲ.

"ಈಗ್ಲೇ ಎಲ್ರೂ ನಿನ್ನ ನರ್ಸಮ್ಮ ಅಂತಾರಲ್ಲೇ, ಇನ್ನೂ ಏನು ಓದ್ತೀಯ?" ಎಂದು ಅಮ್ಮ ಕೇಳಿದಳು. ನನಗೆ ಸಿಟ್ಟು ಬಂತು. ಕೆಲವು ದಿನ ನಾವು ಒಂದೇ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಮುದ್ದೆ ನುಂಗಿದೆವು.

ಅಕ್ಕನಿಗೆ ಎಂಟು ತುಂಬಿತು. ನಮ್ಮ ಮನೆಗೆ ಬಂದಿದ್ದಾಗ ಅವಳ ಹೊಟ್ಟೆ ಮುಟ್ಟಿ ನೋಡಿದೆ. ಕೆಳಗಿರಬೇಕಾದ ಮಗುವಿನ ತಲೆ ಮೇಲಿತ್ತು. ಅಷ್ಟನ್ನು ಕಂಡುಹಿಡಿಯಲು ನನಗೆ ಬರುತ್ತಿತ್ತು, ಅದರ ಮುಂದಿನದು ಬರುತ್ತಿರಲಿಲ್ಲ. ಬೆಳಿಗ್ಗೆಯ ಬಸ್ಸಿಗೇ ಮೂವರೂ ಕೋಲಾರದ ಆಸ್ಪತ್ರೆಗೆ ಹೋದೆವು.

ಅಲ್ಲಿನ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಕಡೆ ನೋಡಿ, "ತಿರುಗತ್ತೇನೋ ನೋಡಿ" ಎಂದರು. ಸಿಸ್ಟರ್ ಕುಳ್ಳಗಿನ ಹೆಂಗಸು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಕ್ಕನನ್ನು ನಿನ್ನೆ ಏನು ಸಾರು ಮಾಡಿದ್ದೆ ಎಂದು ವಿಚಾರಿಸುತ್ತ, ಒಂದು ಕೈಯಿಂದ ಮಗುವಿನ ಕುಂಡಿಯನ್ನು ಮೇಲಕ್ಕೆತ್ತಿದರು, ಇನ್ನೊಂದರಿಂದ ತಲೆಯನ್ನು ಕೆಳಕ್ಕೆ ಸರಿಸಿದರು. ಅವಸರವೇ ಇಲ್ಲ. ಅಕ್ಕ ಬಸ್ಸಾರಿನ ಸಮಾಚಾರ ಹೇಳುತ್ತಲೇ ಇದ್ದಳು. ನೋಡನೋಡುತ್ತ ಅವಳ ಹೊಟ್ಟೆ ಅಡ್ಡಡ್ಡ ಅಗಲವಾಯಿತು. ಹೊದಿಕೆಯೊಳಗೆ ಮಲಗಿದ ಮಗು ಮಗ್ಗುಲು ಬದಲಿಸಿದ ಹಾಗೆ ಚರ್ಮದಡಿ ಏನೋ ಮೆಲ್ಲಗೆ ಹೊರಳಿತು, ಮತ್ತೆ ಹೊಟ್ಟೆ ಉದ್ದಕ್ಕೆ ನಿಂತಿತು. ಡಾಕ್ಟರು ಮರದ ಕೊಳವೆ ಇಟ್ಟು ಆಲಿಸಿ ತಲೆಯಾಡಿಸಿದರು. ಆಮೇಲೆ ನನ್ನನ್ನು ಕರೆದರು. ಮೊದಲು ಹೊಕ್ಕುಳಿನ ಮೇಲೆ ಕೇಳುತ್ತಿದ್ದ ಎದೆಬಡಿತ ಈಗ ಕೆಳಗೆ ಕೇಳುತ್ತಿತ್ತು. ಇಷ್ಟು ದಿನ ನಾನು ಬರೀ ಹೊಟ್ಟೆಗಳನ್ನು ಮುಟ್ಟಿದ್ದೆ, ಮಗುವನ್ನು ಮುಟ್ಟಿರಲೇ ಇಲ್ಲ ಅನಿಸಿತು. ಅಮ್ಮನೂ ಕೊಳವೆಗೆ ಕಿವಿಯಿಟ್ಟಳು, ಎಷ್ಟು ಹೊತ್ತಾದರೂ ತೆಗೆಯಲೊಲ್ಲಳು.

ಹೆರಿಗೆಗೆ ಇಲ್ಲಿಗೇ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ವಾಪಸು ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಅಮ್ಮ ತನ್ನ ಮಡಿಲಲ್ಲಿ ಎರಡೂ ಕೈಗಳನ್ನು ಸಿಸ್ಟರ್ ಆಡಿಸಿದ ಹಾಗೇ ಮೆಲ್ಲಗೆ ಆಡಿಸುತ್ತಿದ್ದಳು.

"ಓದಿದ್ರೆ ಆ ಕೈ ನಿಂಗೂ ಬರುತ್ತೇನೇ?"

"ಗೊತ್ತಿಲ್ಲಮ್ಮ. ಬರಬಹುದು."

"ಹಂಗಾದ್ರೆ ಹೋಗು. ಇವಳ ಬಾಣಂತನ ಬೈರಕೂರಲ್ಲಿ ಅವರ ಅತ್ತೆ ಮನೇಲೇ ಆಗ್ಲಿ. ನಾನೇ ಹೋಗಿ ನೀರು ಹಾಕಿ ಬರ್ತೀನಿ."

ನನಗೆ ಗೆದ್ದ ಖುಷಿ. ಮಾರನೆಯ ದಿನ ಸೈಟು ಬೇಡವೆಂದು ಹೇಳಲು ಅವಳ ಜೊತೆ ಹೋದೆ. ಜಾಗದ ಯಜಮಾನ, ವಯಸ್ಸಾದ ರೈತ, ತೋಪಿನಲ್ಲೇ ಸಿಕ್ಕ. "ಎಂದುಕಮ್ಮಾ ವದ್ದು?" ಎಂದು ತೆಲುಗಿನಲ್ಲಿ ಕಾರಣ ಕೇಳಿದ. ನಮ್ಮ ಹುಡುಗಿ ಓದಬೇಕು ಎಂದು ಅಮ್ಮನೂ ತೆಲುಗಿನಲ್ಲೇ ಹೇಳಿದಳು. ಆತ ತಲೆ ಕೆರೆದುಕೊಂಡು ಹೋದ ಮೇಲೆ ನಾನು ಆ ಜಾಗದೊಳಕ್ಕೆ ಕಾಲಿಟ್ಟೆ. ಅದಕ್ಕೆ ಮೊದಲು ದೂರದಿಂದ ನೋಡಿದ್ದೆ ಅಷ್ಟೆ. ನೆಲದ ಮೇಲೆ ಸಣ್ಣ ಸಣ್ಣ ಕಲ್ಲುಗಳನ್ನು ಯಾರೋ ಸಾಲಾಗಿ ಜೋಡಿಸಿದ್ದರು.

"ಇದೇನಮ್ಮ?"

"ಅದು ಅಡುಗೆ ಕೋಣೆ," ಎಂದಳು. "ನೀನು ನಿಂತಿರೋದು ನಡುಮನೆ. ಇದು ಬಾಣಂತಿ ಕೋಣೆ."

ಭಾನುವಾರದ ಮಧ್ಯಾಹ್ನಗಳಲ್ಲಿ ಅವಳು ನನಗೆ ಹೇಳದೆ ಎಲ್ಲಿಗೆ ಎದ್ದುಹೋಗುತ್ತಿದ್ದಳು ಎಂದು ಆಗ ಅರ್ಥವಾಯಿತು. "ಅಮ್ಮ, ಬೇಡ. ನಾನು ಓದಕ್ಕೆ ಹೋಗಲ್ಲ" ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ.

"ಬಾಯಿ ಮುಚ್ಚೇ. ಆಯಮ್ಮನ ಕೈ ನಾನೂ ನೋಡಿದೀನಿ."

ಅಮ್ಮನನ್ನು ಕಂಡು ನನಗೆ ಹೆಚ್ಚುಕಡಿಮೆ ಭಯವೇ ಆಯಿತು. ಇಷ್ಟು ಆಸೆಪಟ್ಟದ್ದನ್ನು ಇಷ್ಟು ಸಲೀಸಾಗಿ ಹೇಗೆ ಬಿಟ್ಟಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಲ್ಲುಗಳನ್ನು ದಾಟಿ ನೇರ ರಸ್ತೆಗೆ ಬಂದು ನಿಂತೆ. ಅಮ್ಮ ಹಾಗೆ ಬರಲಿಲ್ಲ. ಬಾಣಂತಿ ಕೋಣೆಯಿಂದ ನಡುಮನೆಗೆ ನಡೆದು, ನಡುಮನೆಯನ್ನು ಹಾದು, ಬಾಗಿಲಿಗೆಂದು ಕಲ್ಲಿಡದೆ ಬಿಟ್ಟಿದ್ದ ಕಡೆಯಿಂದಲೇ ಹೊರಗೆ ಬಂದಳು.