ಹೇಮಾ ಎಂದು ಕೂಗಿದರೆ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹೇಮಾ" ಎಂದು ಯಾರಾದರೂ ಕೂಗಿದರೆ ಈಗಲೂ ಮೂರ್ನಾಲ್ಕು ತಲೆಗಳು ತಿರುಗುತ್ತವೆ. ಮೊನ್ನೆ ಅರಕಲಗೂಡಿನ ಬಸ್ಸಿನ ಕಿಟಕಿಯಿಂದ ಯಾರೋ ತಾಯಿ ಹಾಗೆ ಕೂಗಿದಾಗ ನನ್ನ ತಲೆಯೂ ತಿರುಗಿತು, ನನ್ನ ಹೆಸರು ಅದಲ್ಲದಿದ್ದರೂ. ಈ ಸೀಮೆಯಲ್ಲಿ ಇಷ್ಟೊಂದು ಹೇಮಾವತಿಯರು ಯಾಕೆ ಎಂದು ಕೇಳಿ ನೋಡಿ, ಎಲ್ಲರ ಬಾಯಲ್ಲೂ ಸಿದ್ಧ ಉತ್ತರವಿದೆ: ನಾವು ಹೊಳೆ ದಂಡೆಯ ಜನ, ಹೊಳೆಯೇ ತಾಯಿ, ಅದಕ್ಕೇ ಹೆಣ್ಣುಮಕ್ಕಳಿಗೆ ಅವಳ ಹೆಸರು. ಕೇಳಲು ಚೆನ್ನಾಗಿದೆ. ಆದರೆ ಹೊಳೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲವಲ್ಲ? ಹಾಗಿದ್ದ ಮೇಲೆ ನಮ್ಮ ಅಜ್ಜಿಯ ವಾರಗೆಯವರಲ್ಲಿ ಒಬ್ಬ ಹೇಮಾವತಿಯಾದರೂ ಇರಬೇಕಿತ್ತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಆ ವಯಸ್ಸಿನವರೆಂದರೆ ವೆಂಕಮ್ಮ, ಸೀತಮ್ಮ, ಲಕ್ಷ್ಮಮ್ಮಂದಿರೇ. ಹೊಳೆಯಲ್ಲಿ ಮಿಂದರು, ಹೊಳೆಗೆ ಬಾಗಿನ ಬಿಟ್ಟರು, ಹೆಸರು ಮಾತ್ರ ಇಟ್ಟುಕೊಳ್ಳಲಿಲ್ಲ. ನನಗೆ ಕಾಣುವ ಮಟ್ಟಿಗೆ ಆ ಹೆಸರು ಬಂದದ್ದು ಅಣೆಕಟ್ಟಿನಿಂದ. ಗೊರೂರಿನಲ್ಲಿ ಕಟ್ಟೆ ಕೆಲಸ ಶುರುವಾಗಿ, ನಾಲೆ ಬರುತ್ತದಂತೆ, ಒಣಭೂಮಿ ಗದ್ದೆಯಾಗುತ್ತದಂತೆ ಎಂಬ ಮಾತು ಹಬ್ಬಿದ ಕಾಲದಲ್ಲಿ, ನೀರಿಗಿಂತ ಮೊದಲು ಊರೂರಿಗೆ ಹರಿದದ್ದು ಈ ಹೆಸರು.

ನಮ್ಮ ಮನೆಗೆ ಅದನ್ನು ತಂದವರು ತಾತ. ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತರು. ಗೊರೂರಿನ ಕ್ವಾರ್ಟರ್ಸಿನಲ್ಲಿದ್ದಾಗ ಹುಟ್ಟಿದ ಮಗಳಿಗೆ, ಅಜ್ಜಿ ಹೇಳಿದ ಹೆಸರನ್ನು ಪಕ್ಕಕ್ಕಿಟ್ಟು, ಹೇಮಾವತಿ ಎಂದು ಇಟ್ಟರಂತೆ. ಅವಳು ನನ್ನ ಸೋದರತ್ತೆ. ನಾನು ಮಾತು ಕಲಿಯುವ ಹೊತ್ತಿಗೆ ತಾತ ತೀರಿಕೊಂಡಿದ್ದರು, ನಾವೆಲ್ಲ ಹೊಳೆನರಸೀಪುರದ ಹಳೆಯ ಮನೆಗೆ ಬಂದಿದ್ದೆವು. ಬೀದಿಬಾಗಿಲಲ್ಲಿ ನಿಂತರೆ ಹಿತ್ತಲಿನ ಬಾವಿಗಟ್ಟೆ ಕಾಣುವಷ್ಟು ನೇರ, ಉದ್ದ ಮನೆ. ನಡುವೆ ಕತ್ತಲೆ ಕೋಣೆ, ಅದರಲ್ಲಿ ಹುರಿದ ಮೆಂತ್ಯದ, ಬೂರುಗದ ಹತ್ತಿಯ, ಸೀಮೆಎಣ್ಣೆಯ ವಾಸನೆ ಒಂದರೊಳಗೊಂದು ಬೆರೆತು ಕೂತಿರುತ್ತಿತ್ತು. ಆ ಉದ್ದಕ್ಕೂ ದಿನವಿಡೀ ಓಡಾಡುತ್ತಿದ್ದುದು ಒಂದೇ ಕೂಗು. "ಹೇಮಾ, ಹಾಲು ಉಕ್ಕತ್ತೆ ನೋಡೇ." "ಹೇಮಾ, ನನ್ನ ಕನ್ನಡಕ." ಅತ್ತೆ ಎಲ್ಲಿದ್ದರೂ "ಓ" ಎನ್ನುತ್ತಿದ್ದಳು, ಆ ಓಕಾರವನ್ನು ಎಳೆಯುತ್ತಲೇ ನಡೆದು ಬರುತ್ತಿದ್ದಳು. ಅವಳ ದನಿ ಹತ್ತಿರವಾಗುವುದನ್ನು ಕೇಳುತ್ತ ನಾನು ನಿದ್ದೆ ಹೋದ ಮಧ್ಯಾಹ್ನಗಳಿವೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವರು, ಉಪ್ಪಿಟ್ಟು ಕೇಸರಿಬಾತು ತಿನ್ನುವರು, ಹಾಡಿಸುವರು, ಹೋಗುವರು. ಚನ್ನರಾಯಪಟ್ಟಣದಿಂದ ಬಂದಿದ್ದ ಹುಡುಗನ ಸೋದರಮಾವ ಎಲೆಯಡಿಕೆ ಮೆಲ್ಲುತ್ತ ಕಾರಣ ಹೇಳಿಯೇ ಹೋದ. "ಹುಡುಗಿ ಲಕ್ಷಣವಾಗಿದಾಳೆ, ಜಾತಕವೂ ಸರಿ. ಆದ್ರೆ ಹೊಳೆ ಹೆಸರು ನೋಡಿ. ನದಿ ಹೆಸರಿನ ಹೆಣ್ಣನ್ನ ನಮ್ಮಲ್ಲಿ ತಂದ್ಕೊಳ್ಳಲ್ಲ. ಹೊಳೆ ಒಂದ್ ಕಡೆ ನಿಲ್ಲತ್ಯೇ?" ಆಮೇಲೆ ಬಂದವರೂ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ನಾನು ಚರ್ಚಾಸ್ಪರ್ಧೆಗಳಿಗೆ ಹೋಗುವ ಕಾಲಕ್ಕೆ ಇದಕ್ಕೆ ಎಷ್ಟೋ ಉತ್ತರ ಕಟ್ಟಿದ್ದೇನೆ: ಕಾವೇರಿ, ತುಂಗಾ, ಯಮುನಾ ಎಂದು ಹೆಸರಿರುವವರೆಲ್ಲ ಎಲ್ಲಿ ಹರಿದುಹೋದರು? ಆದರೆ ಆಗ ನನಗಿಂತ ಚೆನ್ನಾಗಿ ಕೇಳಿದವಳು ಎದುರು ಮನೆಯ ಜವರಮ್ಮ. ಊರ ಹೊರಗೆ ಗದ್ದೆ, ಊರೊಳಗೆ ಅಕ್ಕಿ ಗಿರಣಿ ಇದ್ದ ಜೋರು ಹೆಂಗಸು. "ಇದ್ಯಾವ ಸಾಸ್ತ್ರ ಕಣ್ರವ್ವಾ? ನಮ್ ಸೊಸೇನೂ ಯೇಮಾವತಿನೇ. ಅರ್ದೋಗದು ಅಂಗಿರ್ಲಿ, ಬೆಳಗಾನಿಂದ ಜಗುಲಿ ಬುಟ್ಟು ಅಲ್ಲಾಡಿಲ್ಲ. ನಿಮ್ಮೋರ್ಗೆ ಬ್ಯಾಡ್ದಿದ್ರೆ ನಮ್ಗೇ ಕೊಟ್ಬುಡಿ, ಇನ್ನೊಬ್ ಮಗ ಅವ್ನೆ." ಅತ್ತೆ ಬಾವಿಗಟ್ಟೆಯ ಹತ್ತಿರ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ನಗಲಿಲ್ಲ.

ಕೊನೆಗೆ ಅರಕಲಗೂಡಿನವರು ಒಪ್ಪಿದರು. ಷರತ್ತು ಒಂದೇ, ಧಾರೆಯಾದ ಮೇಲೆ ಹೆಸರು ಬದಲಿಸಬೇಕು. ಅತ್ತೆ ಅಡುಗೆಮನೆಯಲ್ಲಿ ಅಜ್ಜಿಯ ಸೆರಗು ಹಿಡಿದು, "ಅಪ್ಪ ಇಟ್ಟಿದ್ದಮ್ಮ, ಅದೊಂದೇ ನಂಗವರು ಬಿಟ್ಟುಹೋಗಿರೋದು" ಎಂದು ಅತ್ತದ್ದನ್ನು ನಾನು ಕಂಡೆ. ಅಜ್ಜಿ, "ಹೆಸರೇನು ಊಟಕ್ಕೆ ಬರತ್ಯೇ?" ಎಂದಳು. ಛತ್ರದಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ, ಮದುವೆಗಂಡು ಉಂಗುರದಿಂದ ಅದರ ಮೇಲೆ ಸುಮಂಗಲಾ ಎಂದು ಬರೆದ. ಆ ಅಕ್ಕಿಯನ್ನು ಮಾರನೆಯ ದಿನ ಬೇಯಿಸಿ ಉಂಡರು. ಹೆಸರಿಗೆ ಊಟಕ್ಕೆ ಬರುವ ಯೋಗವಿತ್ತು ಅಂತ ಕಾಣುತ್ತದೆ.

ಅರಕಲಗೂಡಿನಿಂದ ಬಂದ ಮೊದಲ ದೂರೇ ಅವಳಿಗೆ ಸೊಕ್ಕು ಎಂಬುದು. "ಸುಮಂಗಲಾ, ಸುಮಂಗಲಾ ಅಂತ ಗಂಟಲು ಹರ್ಕೊಂಡ್ರೂ ತಿರುಗಿ ನೋಡಲ್ಲ ನಿಮ್ಮ ಮಗಳು" ಎಂದು ಅವಳ ಅತ್ತೆ ಹೇಳಿ ಕಳಿಸಿದ್ದರು. ಇಪ್ಪತ್ತು ದಾಟಿದ ಹೆಂಗಸು ಯಾರದೋ ಹೆಸರಿಗೆ ಓ ಎನ್ನುವುದಾದರೂ ಹೇಗೆ? ಅಜ್ಜಿ ಹೆದರಿ ನಮ್ಮ ಮನೆಯಲ್ಲೂ ಹಳೆಯ ಹೆಸರನ್ನು ನಿಲ್ಲಿಸಿಬಿಟ್ಟಳು. ತೌರಿಗೆ ಬಂದರೂ ಸುಮಂಗಲಾ ಎಂದೇ ಕರೆಯಬೇಕು, ಇಲ್ಲದಿದ್ದರೆ ಅವಳ ಬಾಳು ನೆಲೆ ನಿಲ್ಲದು. ಆ ಹೆಸರು ನಮ್ಮ ಯಾರ ನಾಲಗೆಗೂ ಹತ್ತಲಿಲ್ಲ. ಹಾಗಾಗಿ ನಾವು ಅವಳನ್ನು ಕರೆಯುವುದನ್ನೇ ಬಿಟ್ಟೆವು. ಬೇಕಾದದ್ದನ್ನು ಎದ್ದು ಹೋಗಿ ಹೇಳುತ್ತಿದ್ದೆವು. ಮನೆ ಸದ್ದಿಲ್ಲದಂತಾಯಿತು.

ಎರಡು ಸಾವಿರದ ಈಚೆಗೆ, ನಾನು ಹೈಸ್ಕೂಲಿನಲ್ಲಿದ್ದಾಗ, ಅತ್ತೆಗೆ ಮಿದುಳು ಜ್ವರ ಬಂತು. ಹಾಸನದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಚ್ಚರ ತಪ್ಪಿತ್ತು. ಡಾಕ್ಟರು ಹೊರಗೆ ಬಂದು, "ಕಿವಿಗೆ ಬೀಳ್ತಿರಬಹುದು. ಒಬ್ಬೊಬ್ಬರೇ ಹೋಗಿ ಹೆಸರು ಹಿಡಿದು ಕರೀರಿ" ಎಂದರು. ಮಾವ ಒಳ್ಳೆಯ ಮನುಷ್ಯ. ಬೆಳಗಿನಿಂದ ಒಳಗೆ ನಿಂತು ಸುಮಂಗಲಾ, ಸುಮಂಗಲಾ ಎಂದು ಕರೆದು ಅವರ ದನಿಯೇ ಕಟ್ಟಿಹೋಯಿತು. ರೆಪ್ಪೆ ಅಲುಗಲಿಲ್ಲ. ನಾನು ಅಪ್ಪನ ತೋಳು ಜಗ್ಗಿ, "ಆ ಹೆಸರಲ್ಲಪ್ಪ" ಎಂದೆ. "ಸುಮ್ನಿರು, ಬೀಗರಿದಾರೆ" ಎಂದರು. ಚಿಕ್ಕವರನ್ನು ಒಳಗೆ ಬಿಡುತ್ತಿರಲಿಲ್ಲ. ಬೇಡಿದೆ, ಜಗಳವಾಡಿದೆ, ನರ್ಸು ಬಾಗಿಲು ಮುಚ್ಚಿದಳು. ಮುಂದಿನ ಸರದಿ ಅಜ್ಜಿಯದು. ಕಾರಿಡಾರಿನಲ್ಲಿ ಅವಳ ಎರಡೂ ಕೈ ಹಿಡಿದುಕೊಂಡೆ.

"ಅಜ್ಜಿ, ಹೇಮಾ ಅಂತ ಕೂಗು. ದಮ್ಮಯ್ಯ."

"ಬೇಡ ಕಣೇ. ಆ ಹೆಸರು ಕೂಗಿದ್ರೆ ಹೊರಟೇ ಹೋಗ್ತಾಳೆ."

"ಕೂಗದಿದ್ರೆ ಹೇಗೆ ಬರ್ತಾಳೆ?"

ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಸೆರಗು ಹೊದ್ದು ಒಳಗೆ ಹೋದಳು. ನಾನು ಬಾಗಿಲಿಗೆ ಕಿವಿಯಿಟ್ಟೆ. ಯಂತ್ರದ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಗೋಡೆಯ ಬುಡದಲ್ಲಿ ಕುಳಿತಳು. ಸಂಜೆಗೆ ಅತ್ತೆ ಹೋದಳು.

ಅಜ್ಜಿ ಆಮೇಲೂ ಕೆಲವು ವರ್ಷ ಬದುಕಿದ್ದಳು. ಒಮ್ಮೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವಳು ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಈಗ ಆ ಮನೆಯನ್ನು ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ, ಜವರಮ್ಮನೂ ಇಲ್ಲ. ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದನ್ನು ಕಲಿತವಳು ನಾನು, ಈ ಒಂದು ಮೌನದ ಮುಂದೆ ಸೋತು ಕೂತಿದ್ದೇನೆ. ಹಳೆಯ ಹೆಸರನ್ನು ಕೂಗಿಯೂ ಅವಳು ಬರಲಿಲ್ಲವೆಂದರೆ ಆ ಹೆಸರು ಅಷ್ಟರಲ್ಲಾಗಲೇ ಅವಳನ್ನು ಬಿಟ್ಟುಹೋಗಿತ್ತು. ಕೂಗಲೇ ಇಲ್ಲವೆಂದರೆ, ಕರೆಯುವವರಿಲ್ಲದೆ ಹೋದಳು. ಎರಡರಲ್ಲಿ ಯಾವುದನ್ನು ಹೊತ್ತುಕೊಂಡು ಬದುಕಲಿ? ಅಜ್ಜಿ, ಆ ಮುಚ್ಚಿದ ಬಾಗಿಲಿನಾಚೆ, ನಿನ್ನ ಮಗಳ ಕಿವಿಯ ಹತ್ತಿರ ಬಾಗಿ, ನೀನು ಯಾವ ಹೆಸರು ಹಿಡಿದು ಕರೆದೆ?